ಗೇರ್‌ಬಾಕ್ಸ್ ಆಯಿಲ್‌ಗೂ ಆಯಸ್ಸಿದೆ: ಆಟೋಮ್ಯಾಟಿಕ್ ಕಾರು ಮಾಲೀಕರಿಗೊಂದು ಬಹಿರಂಗ ಪತ್ರ

ಕಲಬುರಗಿ ನಗರದ, ಕಮಲಾಪುರದ, ಇವೆರಡರ ನಡುವಿನ ಹಳ್ಳಿಗಳ ಆಟೋಮ್ಯಾಟಿಕ್ ಕಾರು ಮಾಲೀಕರೇ,



ಎಂಜಿನ್ ಆಯಿಲ್ ವಿಷಯದಲ್ಲಿ ನೀವು ಯಾರೂ ಸಡಿಲ ಬಿಡುವುದಿಲ್ಲ. ವರ್ಷ ತುಂಬಿತು, ಇಲ್ಲವೇ ಹತ್ತು ಸಾವಿರ ಕಿಲೋಮೀಟರ್ ಆಯಿತು ಅಂದರೆ ಕಾರು ಗ್ಯಾರೇಜಿಗೆ ಹೋಗುತ್ತದೆ. ಅದೇ ಕಾರಿನ ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಿಸಿದಿರಿ ಎಂದು ಕೇಳಿದರೆ ಉತ್ತರ ಬಹುಮಟ್ಟಿಗೆ ಒಂದೇ: ‘ಅದು ಲೈಫ್‌ಟೈಮ್ ಆಯಿಲ್ ಅಂತ್ರೀ, ಮುಟ್ಟೋದೇ ಬ್ಯಾಡ ಅಂದಾರ.’ ಈ ಮಾತು ನಂಬಿ ಕುಳಿತವರ ಗೇರ್‌ಬಾಕ್ಸ್ ಕೆಡುವುದನ್ನು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಹೇಳುವುದು ಇಷ್ಟು. ಆ ಆಯಿಲ್‌ಗೂ ಆಯಸ್ಸಿದೆ. ನಮ್ಮ ಬಿಸಿಲಿನಲ್ಲಿ ಆ ಆಯಸ್ಸು ಇನ್ನೂ ಕಡಿಮೆ. ಗೇರ್‌ಬಾಕ್ಸ್ ತಕರಾರು ತೆಗೆಯುವ ಮೊದಲೇ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ. ಬಹಳಷ್ಟು ಕಾರುಗಳಲ್ಲಿ ಈ ಕೆಲಸವನ್ನು ಪಾನಾ ಹಿಡಿದು ಕೈ ಪಳಗಿದವರು ಮನೆಯ ಅಂಗಳದಲ್ಲೇ ಮಾಡಬಹುದು.

ಈಗಲೇ ಯಾಕೆ ಈ ಮಾತು? ನಮ್ಮ ಕಡೆ ಆಟೋಮ್ಯಾಟಿಕ್ ಕಾರು ಒಂದು ಕಾಲಕ್ಕೆ ದೊಡ್ಡ ಅಧಿಕಾರಿಗಳ, ಡಾಕ್ಟರರ ಮನೆ ಮುಂದೆ ಮಾತ್ರ ಕಾಣುತ್ತಿತ್ತು. 2014ರಲ್ಲಿ ಮಾರುತಿ ಸೆಲೆರಿಯೊ ಕ್ಲಚ್ ಪೆಡಲ್ ಇಲ್ಲದೆ, ಸಾಮಾನ್ಯರ ಕೈಗೆಟಕುವ ಬೆಲೆಗೆ ಬಂತು. 2015ರಲ್ಲಿ ಕ್ರೆಟಾ, 2016ರಲ್ಲಿ ಇನ್ನೋವಾ ಕ್ರಿಸ್ಟಾ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಮೇತ ಬಂದವು. ಆ ತಲೆಮಾರಿನ ಕಾರುಗಳಿಗೆ ಈಗ ಹತ್ತು ವರ್ಷದ ಆಸುಪಾಸು. ಹೈದರಾಬಾದಿನಲ್ಲೋ ಪುಣೆಯಲ್ಲೋ ಲಕ್ಷ ಕಿಲೋಮೀಟರ್ ಓಡಿದ ಕಾರು ಎರಡನೇ, ಮೂರನೇ ಮಾಲೀಕರಾದ ನಮ್ಮ ಕೈಗೆ ಬರುತ್ತದೆ. ಟೈರು, ಬ್ಯಾಟರಿ, ಎಸಿ ನೋಡಿ ಕೊಳ್ಳುತ್ತೇವೆ. ಗೇರ್‌ಬಾಕ್ಸ್ ಒಳಗೆ ಕಾರ್ಖಾನೆಯಲ್ಲಿ ತುಂಬಿದ ಆಯಿಲೇ ಇದೆಯೋ ಏನೋ ಎಂದು ಯಾರೂ ಕೇಳುವುದಿಲ್ಲ.

ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಆಯಿಲ್‌ಗೆ ಇರುವ ಮುಖ್ಯ ಕೆಲಸ ಹಲ್ಲುಗಳು ಸವೆಯದಂತೆ ಕಾಯುವುದು. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ನಲ್ಲಿ ಅದೇ ಆಯಿಲ್ ನಾಲ್ಕು ಕೆಲಸ ಹೊತ್ತಿರುತ್ತದೆ. ಎಂಜಿನ್ನಿನ ಶಕ್ತಿಯನ್ನು ಕನ್ವರ್ಟರ್ ಮೂಲಕ ಗೇರುಗಳಿಗೆ ದಾಟಿಸುವುದು ಅದೇ. ವಾಲ್ವ್ ಬಾಡಿಯ ಸಣ್ಣ ಸಣ್ಣ ಓಣಿಗಳಲ್ಲಿ ಒತ್ತಡವಾಗಿ ಹರಿದು ಕ್ಲಚ್‌ಗಳನ್ನು ಒತ್ತಿ ಗೇರು ಬದಲಿಸುವುದು ಅದೇ. ಒಳಗಿನ ಕಾವನ್ನು ಹೊತ್ತು ಕೂಲರ್‌ಗೆ ತಲುಪಿಸುವುದು ಅದೇ. ಕ್ಲಚ್ ಪ್ಲೇಟುಗಳು ಹಿಡಿದುಕೊಳ್ಳುವಾಗ ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬ ಹದ ಕಾಯುವುದೂ ಅದೇ. ಇಷ್ಟು ಕೆಲಸ ಮಾಡುವ ಆಯಿಲ್ ಕೊನೆತನಕ ಹೊಸದಾಗಿಯೇ ಇರುತ್ತದೆ ಎಂದು ನಂಬಲು ಕಾರಣವೇ ಇಲ್ಲ. ಅದರಲ್ಲಿ ಬೆರೆಸಿದ ರಾಸಾಯನಿಕಗಳು ಕರಗಿಹೋಗುತ್ತವೆ, ಕ್ಲಚ್ ಪ್ಲೇಟಿನ ಪುಡಿ ಸೇರುತ್ತದೆ, ಉಕ್ಕಿನ ನುಣುಪು ಧೂಳು ಸೇರುತ್ತದೆ. ಫಿಲ್ಟರ್ ಒಂದಷ್ಟನ್ನು ಹಿಡಿಯುತ್ತದೆ, ಗೇರ್‌ಬಾಕ್ಸಿನ ಅಡಿಯ ಆಯಿಲ್ ತಟ್ಟೆಯ, ಅಂದರೆ ಚೇಂಬರಿನ, ತಳದ ಆಯಸ್ಕಾಂತಗಳು ಒಂದಷ್ಟನ್ನು ಹಿಡಿಯುತ್ತವೆ. ಉಳಿದದ್ದು ಆ ಸಣ್ಣ ಓಣಿಗಳಲ್ಲಿ ಸುತ್ತುತ್ತಲೇ ಇರುತ್ತದೆ.

ಆಯಿಲ್‌ನ ದೊಡ್ಡ ವೈರಿ ಕಾವು. ಒಂದೇ ಎಣ್ಣೆಯಲ್ಲಿ ದಿನಗಟ್ಟಲೆ ಮಿರ್ಚಿ ಕರಿದರೆ ಬಾಣಲೆಯ ಎಣ್ಣೆ ಹೇಗೆ ಕಪ್ಪಾಗಿ, ಅಂಟಾಗಿ, ವಾಸನೆ ಬರುತ್ತದೋ ಗೇರ್‌ಬಾಕ್ಸಿನ ಆಯಿಲೂ ಹಾಗೆಯೇ. ಎಂಜಿನಿಯರುಗಳು ಬಳಸುವ ಅಂದಾಜು ಸೂತ್ರದ ಪ್ರಕಾರ ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಆಯಿಲ್ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ಈಗ ನಮ್ಮ ಊರನ್ನು ನೋಡಿ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ವಿಶೇಷ ಸುದ್ದಿಯೇ ಅಲ್ಲ. ರೇಡಿಯೇಟರ್ ಮುಂದೆ ಬರುವ ಗಾಳಿಯೇ ಅಷ್ಟು ಬಿಸಿ ಇದ್ದರೆ ಕೂಲರ್ ಹೇಗೆ ತಂಪು ಮಾಡೀತು? ಅದರ ಮೇಲೆ ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಸುತ್ತ ಅಂಗುಲ ಅಂಗುಲ ಸರಿಯುವ ಸಂಚಾರ. ಕಡಿಮೆ ವೇಗದಲ್ಲಿ ಟಾರ್ಕ್ ಕನ್ವರ್ಟರ್ ಲಾಕ್ ಆಗುವುದಿಲ್ಲ. ಒಳಗೆ ಆಯಿಲ್ ಕಡೆದಂತೆ ಕಾಯುತ್ತಲೇ ಇರುತ್ತದೆ. ಹುಮನಾಬಾದ್ ರಸ್ತೆಗೆ ಬಂದು ಮಹಾಗಾಂವ ಕ್ರಾಸ್ ದಾಟಿ, ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರದ ಕಡೆ ಏರಿಳಿತದ ದಾರಿಯಲ್ಲಿ ಮನೆಮಂದಿ, ಸಾಮಾನು ತುಂಬಿಕೊಂಡು ಎಸಿ ಹಾಕಿ ಓಡಿಸಿದರೆ ಅದೂ ಭಾರದ ಕೆಲಸವೇ. ಕಾರಿನ ಪುಸ್ತಕದಲ್ಲಿ ‘ಕಠಿಣ ಬಳಕೆ’ ಎಂದು ಬೇರೆ ಪಟ್ಟಿ ಇರುತ್ತದೆ. ಅತಿ ಬಿಸಿಲು, ಧೂಳು, ನಿಂತು ಸಾಗುವ ಸಂಚಾರ, ಭಾರ ಎಂದು ಅಲ್ಲಿ ಬರೆದಿರುವ ಎಲ್ಲವೂ ನಮಗೆ ನಿತ್ಯದ ಬಾಳು. ನಾವು ಓದಬೇಕಾದದ್ದು ಆ ಪಟ್ಟಿಯನ್ನು.

‘ಲೈಫ್‌ಟೈಮ್’ ಎಂಬ ಮಾತಿಗೆ ಗೇರ್‌ಬಾಕ್ಸ್ ತಯಾರಕರೇ ಉತ್ತರ ಕೊಟ್ಟಿದ್ದಾರೆ. ಜರ್ಮನಿಯ ಜೆಡ್‌ಎಫ್ ಕಂಪನಿ ಬಿಎಂಡಬ್ಲ್ಯುದಂಥ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುತ್ತದೆ. ಅಂಥ ಕಾರುಗಳ ಸರ್ವಿಸ್ ಪಟ್ಟಿಯಲ್ಲಿ ಗೇರ್‌ಬಾಕ್ಸ್ ಆಯಿಲ್ ಬದಲಾವಣೆಯೇ ಇರುವುದಿಲ್ಲ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಸ್ಕೋಡಾ ಲಾರಾದಂಥ ಕಾರುಗಳಲ್ಲಿ ಬಂದ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ನ 6 ಸ್ಪೀಡ್ ಡಿಎಸ್‌ಜಿ (ಎರಡು ಕ್ಲಚ್‌ಗಳ) ಗೇರ್‌ಬಾಕ್ಸಿಗೆ 60,000 ಕಿಲೋಮೀಟರಿಗೊಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಾಗಬೇಕು. ಕಾರು ಮಾರುವವರಿಗೆ ಕಾರಿನ ಆಯಸ್ಸು ಅಂದರೆ ವಾರಂಟಿಯ ವರ್ಷಗಳು. ನಮಗೆ ಅದು ಮಗಳ ಕಾಲೇಜು ಮುಗಿದು, ಮನೆ ಸಾಲ ತೀರುವವರೆಗಿನ ಕಾಲ. ಲೆಕ್ಕ ಬೇರೆ ಬೇರೆ.

ಹಾಗಂತ ಇಂದೇ ಪಾನಾ ಹಿಡಿದು ಕಾರಿನ ಕೆಳಗೆ ನುಸುಳಬೇಡಿ. ಮೊದಲ ಕೆಲಸ, ನಿಮ್ಮ ಕಾರಿನಲ್ಲಿರುವುದು ಯಾವ ಜಾತಿಯ ಗೇರ್‌ಬಾಕ್ಸ್ ಎಂದು ತಿಳಿಯುವುದು. ಕ್ಲಚ್ ಪೆಡಲ್ ಇಲ್ಲ ಅಂದಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಸೆಲೆರಿಯೊ ಎಜಿಎಸ್‌ನಂಥ ಎಎಂಟಿ ಒಳಗೆ ಇರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ಚನ್ನೂ ಗೇರನ್ನೂ ಮನುಷ್ಯನ ಬದಲು ಒಂದು ಯಂತ್ರ ಒತ್ತುತ್ತದೆ. ಅದಕ್ಕೆ ಬೇಕಾದದ್ದು ಮ್ಯಾನ್ಯುಯಲ್ ಗೇರ್ ಆಯಿಲ್. ಆ ಯಂತ್ರಕ್ಕೆ ಬೇರೆಯೇ ದ್ರವ. ಹೋಂಡಾ ಸಿಟಿಯಂಥ ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಎರಡು ಪುಲ್ಲಿಗಳ ನಡುವೆ ಓಡುತ್ತದೆ. ಅದಕ್ಕೆ ಸಿವಿಟಿ ಆಯಿಲ್ ಮಾತ್ರ. ಎರಡು ಒಣ ಕ್ಲಚ್‌ಗಳ ಡಿಸಿಟಿಯಲ್ಲಿ ಗೇರುಗಳಿಗೆ ಬೇರೆ, ಕಂಟ್ರೋಲ್ ಭಾಗಕ್ಕೆ ಬೇರೆ ಆಯಿಲ್ ಇರುವುದುಂಟು. ಅದನ್ನು ಮನೆಯಲ್ಲಿ ಮುಟ್ಟಬಾರದು. ಕ್ರಿಸ್ಟಾದಂಥ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿಗೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. ಈ ಪತ್ರದಲ್ಲಿ ನಾನು ವಿವರಿಸುವ ಕೆಲಸ ಮುಖ್ಯವಾಗಿ ಈ ಕೊನೆಯ ಜಾತಿಯದು.

ಎಟಿಎಫ್‌ನಲ್ಲೂ ಕುಲ ಒಂದಲ್ಲ. ಟೊಯೋಟಾ ಡಬ್ಲ್ಯುಎಸ್, ಹ್ಯುಂಡೈ ಎಸ್‌ಪಿ–4, ಜನರಲ್ ಮೋಟರ್ಸ್‌ನ ಡೆಕ್ಸ್ರಾನ್–6, ಹೀಗೆ ಪ್ರತಿಯೊಂದರ ಘರ್ಷಣೆಯ ಹದ ಬೇರೆ. ಬಣ್ಣ ಕೆಂಪಗಿದೆ ಎಂದು ಒಂದರ ಬದಲು ಇನ್ನೊಂದು ಹಾಕಲಾಗದು. ಆ ಕೆಂಪು ಎಂಜಿನ್ ಆಯಿಲ್‌ನಿಂದ ಬೇರೆಯಾಗಿ ಕಾಣಲೆಂದು ಹಾಕಿದ ಬಣ್ಣ ಅಷ್ಟೇ. ಈ ಹದದ ಬೆಲೆ ಎಷ್ಟೆಂದು ಚರಿತ್ರೆಯೇ ಹೇಳುತ್ತದೆ. ಅಮೆರಿಕದ ಓಲ್ಡ್ಸ್‌ಮೊಬೈಲ್ 1940ರ ಮಾದರಿಯ ಕಾರುಗಳಿಗೆ ಹೈಡ್ರಾ–ಮ್ಯಾಟಿಕ್ ಎಂಬ ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದಿತು. ಮುಂದೆ ಬಹುಕಾಲ ಆ ದೇಶದಲ್ಲಿ ಕ್ಲಚ್ ಹಿಡಿತದ ಹದಕ್ಕಾಗಿ ಗೇರ್‌ಬಾಕ್ಸ್ ಆಯಿಲ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಳಿವಿನಂಚಿನ ಜೀವಿಗಳ ರಕ್ಷಣೆಗೆಂದು ಆ ಎಣ್ಣೆಗೆ ನಿಷೇಧ ಬಂದಾಗ ಕಂಪನಿಗಳು ಬದಲಿ ರಾಸಾಯನಿಕಕ್ಕಾಗಿ ಪರದಾಡಿದವು. ಆಯಿಲ್‌ನಲ್ಲಿ ಸ್ವಲ್ಪವೇ ಇರುವ ಒಂದು ವಸ್ತು ಬದಲಾದರೆ ಇಡೀ ಗೇರ್‌ಬಾಕ್ಸ್ ಕೆಡಬಹುದು. ಆದ್ದರಿಂದ ‘ಎಲ್ಲಾದಕ್ಕೂ ನಡೀತೈತ್ರೀ’ ಎಂದು ಅಂಗಡಿಯವರು ಕೊಡುವ ಡಬ್ಬಿ ಬೇಡ. ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದ ಹೆಸರಿನ ಆಯಿಲನ್ನೇ, ಸೀಲ್ ಇರುವ ಡಬ್ಬಿಯಲ್ಲೇ, ಬಿಲ್ ಪಡೆದೇ ತನ್ನಿ.

ವಾರಂಟಿ ಇನ್ನೂ ಇದ್ದರೆ ಕಂಪನಿ ಸರ್ವಿಸ್‌ನಲ್ಲೇ ಮಾಡಿಸಿ, ಬಿಲ್ ಜೋಪಾನವಾಗಿಡಿ. ಗೇರ್ ಈಗಾಗಲೇ ಜಾರುತ್ತಿದ್ದರೆ, ಡಿ ಹಾಕಿದರೂ ಗಾಡಿ ತಡವಾಗಿ ಎಳೆಯುತ್ತಿದ್ದರೆ, ಎಚ್ಚರಿಕೆ ದೀಪ ಉರಿಯುತ್ತಿದ್ದರೆ ಮೊದಲು ತಿಳಿದವರಿಂದ ಸ್ಕ್ಯಾನ್ ಮಾಡಿಸಿ. ‘ಹಳೇ ಗಾಡಿಗೆ ಹೊಸ ಆಯಿಲ್ ಹಾಕಿದರ ಗೇರ್‌ಬಾಕ್ಸ್ ಹೋಗತೈತಿ’ ಎಂಬ ಹೆದರಿಕೆ ಹುಟ್ಟಿದ್ದು ಇಂಥ ಕಾರುಗಳಿಂದಲೇ. ಕ್ಲಚ್ ಪ್ಲೇಟು ಸವೆದುಹೋದ ಮೇಲೆ ಆಯಿಲ್ ಬದಲಿಸುತ್ತಾರೆ, ಕೆಲವೇ ದಿನಕ್ಕೆ ಗೇರ್‌ಬಾಕ್ಸ್ ಕೈಕೊಡುತ್ತದೆ, ತಪ್ಪು ಹೊಸ ಆಯಿಲ್ ಮೇಲೆ ಬೀಳುತ್ತದೆ. ತಡ ಮಾಡಿದ್ದೇ ನಿಜವಾದ ಕಾರಣ. ಲಕ್ಷ ಕಿಲೋಮೀಟರ್ ಓಡಿಯೂ ಚೆನ್ನಾಗಿ ನಡೆಯುತ್ತಿರುವ ಗೇರ್‌ಬಾಕ್ಸಿಗೆ ಮಷಿನ್ ಹಚ್ಚಿ ಒತ್ತಡದಿಂದ ತೊಳೆಸುವುದು ಬೇಡ. ಇಳಿಸಿ ತುಂಬುವ ಸಾದಾ ವಿಧಾನವೇ ಅದಕ್ಕೆ ಕ್ಷೇಮ.

ಇನ್ನು ಜಾಗದ ಮಾತು. ಜ್ಯಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದು. ಇಟ್ಟಿಗೆ, ಕಲ್ಲು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವುದು ಜೀವದ ಜೊತೆ ಜೂಜು. ಭಾರ ತಡೆಯುವ ಒಳ್ಳೆಯ ಜ್ಯಾಕ್ ಸ್ಟ್ಯಾಂಡ್ ನಾಲ್ಕು ಬೇಕು. ನಮ್ಮ ಮನೆಗಳ ಮುಂದೆ ಹಾಸಿರುವುದು ಹೆಚ್ಚಾಗಿ ಶಹಾಬಾದ ಪರಸಿ. ಅದರ ಕೆಳಗೆ ಮಣ್ಣು ಕುಸಿದು ಟೊಳ್ಳಾಗಿದ್ದರೆ ಸ್ಟ್ಯಾಂಡಿನ ಕಾಲಿನ ಭಾರಕ್ಕೆ ಕಲ್ಲು ಫಟ್ಟನೆ ಒಡೆಯುತ್ತದೆ. ಕೋಲಿನಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದರೆ ಆ ಜಾಗ ಬಿಡಿ. ಗಟ್ಟಿ ಇದ್ದರೂ ಸ್ಟ್ಯಾಂಡಿನ ಕೆಳಗೆ ದಪ್ಪ ಪ್ಲೈವುಡ್ ಹಾಕಿ. ಪರಸಿ ಸುಣ್ಣಕಲ್ಲು, ಆಯಿಲ್ ಹೀರಿದರೆ ಕಲೆ ಹೋಗುವುದಿಲ್ಲ, ಹಳೆಯ ರಟ್ಟು ಹಾಸಿ. ಕಮಲಾಪುರದ ಕಡೆ ಅಂಗಳ ಎರೆಮಣ್ಣಿನದಾಗಿದ್ದರೆ ಅಲ್ಲಿ ಈ ಕೆಲಸ ಬೇಡವೇ ಬೇಡ. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು. ಎರಡರಲ್ಲೂ ಸ್ಟ್ಯಾಂಡ್ ವಾಲುತ್ತದೆ. ಕಾಂಕ್ರೀಟ್ ಹಾಕಿದ ಜಾಗ ಹುಡುಕಿ. ಗಾಡಿ ನಾಲ್ಕೂ ಕಡೆ ಸಮಮಟ್ಟದಲ್ಲಿರಬೇಕು; ಮುಂದಿನ ಭಾಗ ಮಾತ್ರ ಎತ್ತಿದರೆ ಆಯಿಲ್ ಮಟ್ಟದ ಅಳತೆಯೇ ತಪ್ಪುತ್ತದೆ.

ಕೆಲಸದ ಕ್ರಮ ಹೀಗಿದೆ. ಕಾರನ್ನು ಸ್ವಲ್ಪ ದೂರ ಓಡಿಸಿ ತನ್ನಿ. ಆಯಿಲ್ ಬೆಚ್ಚಗಿರಬೇಕು, ಕೈ ಸುಡುವಂತಿರಬಾರದು. ಗೇರ್‌ಬಾಕ್ಸ್ ಸುತ್ತಲ ಧೂಳನ್ನು ಬ್ರಷ್ಷಿನಿಂದ ಚೆನ್ನಾಗಿ ತೆಗೆಯಿರಿ. ಹೊಲದ ಧೂಳು, ಸಿಮೆಂಟ್ ಲಾರಿಗಳ ಧೂಳು ಎರಡೂ ಇರುವ ನಮ್ಮ ದಾರಿಗಳಲ್ಲಿ ಓಡಿದ ಗಾಡಿಗೆ ಇದು ದೊಡ್ಡ ಕೆಲಸ. ಒಂದು ಚಿಟಿಕೆ ಮರಳು ಒಳಗೆ ಹೋದರೂ ವಾಲ್ವ್ ಸಿಕ್ಕಿಕೊಳ್ಳಬಹುದು. ಈಗ ಮೊದಲು ಬಿಚ್ಚಬೇಕಾದದ್ದು ಆಯಿಲ್ ತುಂಬುವ ಬೋಲ್ಟ್, ಇಳಿಸುವ ಬೋಲ್ಟ್ ಅಲ್ಲ. ತುಂಬುವ ಬೋಲ್ಟ್ ತುಕ್ಕು ಹಿಡಿದು ತಿರುಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಹಳೆಯ ಆಯಿಲ್ ಒಳಗೇ ಇರುತ್ತದೆ, ಗಾಡಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಆಯಿಲ್ ಇಳಿಸಿದ ಮೇಲೆ ಅದು ತಿಳಿದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ.

ತುಂಬುವ ಬೋಲ್ಟ್ ಸಲೀಸಾಗಿ ಬಿಚ್ಚಿದರೆ ಇಳಿಸುವ ಬೋಲ್ಟ್ ತೆಗೆಯಿರಿ. ಇಳಿದ ಆಯಿಲ್ ಎಷ್ಟೆಂದು ಅಳತೆ ಗುರುತಿರುವ ಡಬ್ಬಿಯಲ್ಲಿ ಅಳೆಯಿರಿ. ಎಷ್ಟು ಇಳಿಯಿತೋ ಅಷ್ಟೇ ತುಂಬಬೇಕು, ಅದೇ ನಿಮ್ಮ ಮೊದಲ ಲೆಕ್ಕ. ಚೇಂಬರ್ ಬಿಚ್ಚುವಾಗ ಎಲ್ಲ ಬೋಲ್ಟ್ ಸಡಿಲಿಸಿ ಒಂದು ಮೂಲೆ ಮಾತ್ರ ಕೆಳಗಿಳಿಸಿ. ಬೋಲ್ಟಿನಿಂದ ಇಳಿದ ಮೇಲೂ ತಳದಲ್ಲಿ ಸಾಕಷ್ಟು ಆಯಿಲ್ ಉಳಿದಿರುತ್ತದೆ, ಅದೂ ಲೆಕ್ಕಕ್ಕೆ ಸೇರಬೇಕು. ಒಳಗಿನ ಆಯಸ್ಕಾಂತಗಳನ್ನು ನೋಡಿ. ಬೂದು ಬಣ್ಣದ ನುಣುಪು ಲೇಪ ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಚಕ್ಕೆ ಸಿಕ್ಕರೆ ಒಳಗೆ ಏನೋ ಮುರಿದಿದೆ. ಆಗ ಹೊಸ ಆಯಿಲ್ ಔಷಧಿಯಲ್ಲ, ಗೇರ್‌ಬಾಕ್ಸ್ ಬಿಚ್ಚುವವರ ಬಳಿ ಹೋಗಬೇಕು.

ಫಿಲ್ಟರ್ ಎಲ್ಲ ಕಾರಿನಲ್ಲೂ ಚೇಂಬರ್ ಬಿಚ್ಚಿದರೆ ಸಿಗುವುದಿಲ್ಲ. ಕೆಲವು ಹ್ಯುಂಡೈ–ಕಿಯಾ 6 ಸ್ಪೀಡ್ ಗೇರ್‌ಬಾಕ್ಸ್‌ಗಳಲ್ಲಿ ಅದು ಒಳಹೊಟ್ಟೆಯಲ್ಲಿದೆ. ಗೇರ್‌ಬಾಕ್ಸನ್ನೇ ಇಳಿಸಿ ಬಿಚ್ಚಬೇಕು. ಅಂಥವಕ್ಕೆ ಆಯಿಲ್ ಮಾತ್ರ ಬದಲಿಸಿದರೆ ಸಾಕು. ಜೆಡ್‌ಎಫ್‌ನ 8 ಸ್ಪೀಡ್‌ನಲ್ಲಿ ಪ್ಲಾಸ್ಟಿಕ್ ಚೇಂಬರ್ ಮತ್ತು ಫಿಲ್ಟರ್ ಒಂದೇ ತುಂಡು. ಇಡೀ ಚೇಂಬರ್ ಬದಲಾಗುತ್ತದೆ. ಚೇಂಬರ್ ಒಳಗೇ ಸಿಗುವ ಫಿಲ್ಟರ್ ಆಗಿದ್ದರೆ ಅದನ್ನು ಎಳೆದಾಗ ಅದರ ರಬ್ಬರ್ ರಿಂಗ್ ಜೊತೆಗೇ ಬಂತೇ ಎಂದು ತಪ್ಪದೆ ನೋಡಿ. ಹಳೆಯ ರಿಂಗ್ ಮೇಲೆಯೇ ಅಂಟಿಕೊಂಡಿರುವಾಗ ಹೊಸ ರಿಂಗ್ ಸಮೇತ ಹೊಸ ಫಿಲ್ಟರ್ ಒತ್ತಿದರೆ ಅದು ಸರಿಯಾಗಿ ಕೂರುವುದಿಲ್ಲ. ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಸುಡುತ್ತದೆ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ ಕೂರಿಸಿ. ಒರೆಸಲು ನಾರು ಬಿಡುವ ವೇಸ್ಟ್ ಬಟ್ಟೆ ಬೇಡ. ಆ ನಾರೂ ಒಳಗೆ ಕಸವೇ.

ಚೇಂಬರ್ ಅಂಚನ್ನೂ ಗೇರ್‌ಬಾಕ್ಸಿನ ಮುಖವನ್ನೂ ಗೀರು ಬೀಳದಂತೆ ಶುಚಿ ಮಾಡಿ, ಹೊಸ ಪ್ಯಾಕಿಂಗ್ ಹಾಕಿ. ಚೇಂಬರ್ ಬೋಲ್ಟ್‌ಗಳು ಸಣ್ಣವು, ಸಾಮಾನ್ಯವಾಗಿ 7ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕಾಗುವಂಥವು. ಕೈಬಲ ತೋರಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ, ಚೇಂಬರ್ ಅಂಚು ಬಾಗಿ ಸೋರುತ್ತದೆ. ಸಣ್ಣ ಟಾರ್ಕ್ ರೆಂಚ್ ಇಟ್ಟುಕೊಂಡು ಎದುರು–ಬದುರು ಕ್ರಮದಲ್ಲಿ, ಎರಡು ಸುತ್ತಿನಲ್ಲಿ ಬಿಗಿಯಿರಿ. ಇಳಿಸುವ ಬೋಲ್ಟಿಗೆ ಹೊಸ ವಾಷರ್ ಹಾಕಿ.

ಈಗ ಕೈಪಂಪಿನಿಂದ, ಇಳಿದಷ್ಟೇ ಆಯಿಲ್ ತುಂಬಿ. ನೆರವಿಗೆ ಒಬ್ಬರು ಡ್ರೈವರ್ ಸೀಟಿನಲ್ಲಿ ಬ್ರೇಕ್ ಒತ್ತಿ ಕೂರಲಿ. ಎಂಜಿನ್ ಚಾಲೂ ಮಾಡಿ ಪಿ, ಆರ್, ಎನ್, ಡಿ ಒಂದೊಂದರಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಪಿಗೆ ತಂದು ಹ್ಯಾಂಡ್‌ಬ್ರೇಕ್ ಹಾಕಲಿ. ಇನ್ನು ಉಳಿದದ್ದು ಆಯಿಲ್ ಮಟ್ಟ ನೋಡುವುದು, ಇಡೀ ಕೆಲಸದ ಜೀವಾಳ. ಬಹಳಷ್ಟು ಹೊಸ ಕಾರುಗಳಲ್ಲಿ ಕಡ್ಡಿ ಹಾಕಿ ನೋಡುವ ವ್ಯವಸ್ಥೆಯೇ ಇಲ್ಲ. ಆಯಿಲ್ ಗೊತ್ತಾದ ಉಷ್ಣತೆಯಲ್ಲಿರುವಾಗ, ಎಂಜಿನ್ ನಡೆಯುತ್ತಿರುವಾಗಲೇ ಮಟ್ಟ ನೋಡುವ ಬೋಲ್ಟ್ ಬಿಚ್ಚಬೇಕು. ಹೆಚ್ಚಿನದು ಹರಿದುಹೋಗಿ ಹನಿಹನಿಯಾದಾಗ ಮುಚ್ಚಬೇಕು. ಹೋಂಡಾದ ಕಡ್ಡಿ ಇರುವ ಹಳೆಯ ಆಟೋಮ್ಯಾಟಿಕ್‌ಗಳಲ್ಲಿ ಮಾತ್ರ ಎಂಜಿನ್ ಆರಿಸಿದ ಕೂಡಲೇ ನೋಡುವ ಪದ್ಧತಿ. ಉಷ್ಣತೆಯ ಮಿತಿ ಎಷ್ಟೋ ಕಾರುಗಳಲ್ಲಿ 35ರಿಂದ 45 ಡಿಗ್ರಿ ಆಸುಪಾಸು. ನಿಮ್ಮ ಕಾರಿನದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ, ಅದೇ ಪ್ರಮಾಣ. ಒಬಿಡಿ ಸ್ಕ್ಯಾನರ್ ಹಾಕಿದರೆ ಬಹಳ ಕಾರುಗಳಲ್ಲಿ ಗೇರ್‌ಬಾಕ್ಸ್ ಆಯಿಲ್‌ನ ಉಷ್ಣತೆ ಮೊಬೈಲ್‌ನಲ್ಲೇ ಕಾಣುತ್ತದೆ.

ಬೇರೆ ಊರಿನವರು ಬರೆದಿಟ್ಟ ಸಲಹೆ ಕಲಬುರಗಿಯಲ್ಲಿ ಕೈಕೊಡುವುದು ಇಲ್ಲಿಯೇ. ಮೇ ತಿಂಗಳ ಮಧ್ಯಾಹ್ನ ನೆರಳಲ್ಲಿ ನಿಂತ ಕಾರಿನ ಗೇರ್‌ಬಾಕ್ಸ್ ಎಂಜಿನ್ ಚಾಲೂ ಮಾಡುವ ಮೊದಲೇ 42 ಡಿಗ್ರಿಯಲ್ಲಿರುತ್ತದೆ. ಚಾಲೂ ಮಾಡಿ ಕೆಲವೇ ನಿಮಿಷಕ್ಕೆ ಮಿತಿ ದಾಟುತ್ತದೆ. ಬಿಸಿಯಾದ ಆಯಿಲ್ ಹಿಗ್ಗಿರುತ್ತದೆ. ಆಗ ಬೋಲ್ಟ್ ಬಿಚ್ಚಿದರೆ ಬೇಕಾದ ಆಯಿಲೂ ಹರಿದುಹೋಗಿ, ತಣಿದ ಮೇಲೆ ಮಟ್ಟ ಕಡಿಮೆ ಬೀಳುತ್ತದೆ. ಕಡಿಮೆ ಆಯಿಲ್‌ನಲ್ಲಿ ಓಡಿದ ಗೇರ್‌ಬಾಕ್ಸ್ ಕ್ಲಚ್ ಸುಟ್ಟುಕೊಳ್ಳುತ್ತದೆ. ಆದ್ದರಿಂದ ನಮ್ಮ ಊರಿನ ನಿಯಮ ನಾವೇ ಮಾಡಿಕೊಳ್ಳಬೇಕು: ಈ ಕೆಲಸ ನವೆಂಬರಿನಿಂದ ಫೆಬ್ರವರಿಯೊಳಗೆ ಮಾಡಿ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಹಿಂದಿನ ಸಂಜೆ ಕಾರು ಎತ್ತಿ, ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ ಇಡಿ. ತುಂಬುವುದನ್ನೂ ಮಟ್ಟ ನೋಡುವುದನ್ನೂ ಬೆಳಕು ಹರಿಯುವ ಹೊತ್ತಿಗೆ ಮುಗಿಸಿ. ನಡುವೆ ಯಾರೂ ಗೊತ್ತಿಲ್ಲದೆ ಗಾಡಿ ಚಾಲೂ ಮಾಡದಂತೆ ಚಾವಿ ನಿಮ್ಮ ಬಳಿ ಇರಲಿ, ಸ್ಟಿಯರಿಂಗಿಗೆ ಚೀಟಿ ಕಟ್ಟಿ.

ಒಂದು ಸಲ ಇಳಿಸಿ ತುಂಬಿದರೆ ಇಡೀ ಆಯಿಲ್ ಬದಲಾಗುವುದಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಒಳಗಿನದು ಅಲ್ಲೇ ಉಳಿಯುತ್ತದೆ. ಒಟ್ಟು 8 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ 4 ಲೀಟರ್ ಇಳಿದರೆ ಹೊಸದು ಅರ್ಧ. ಎರಡನೇ ಸಲ ಅಷ್ಟೇ ಇಳಿಸಿ ತುಂಬಿದರೆ ಶೇ 75, ಮೂರನೇ ಸಲ ಶೇ 87.5. ಎಂದೂ ಬದಲಿಸದ ಕಾರಿಗೆ ಫಿಲ್ಟರ್ ಸಮೇತ ಒಮ್ಮೆ ಬದಲಿಸಿ, ಸುಮಾರು ಸಾವಿರ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಆಯಿಲ್ ಮಾತ್ರ ಇಳಿಸಿ ತುಂಬಿ. ಅಲ್ಲಿಂದ ಮುಂದೆ ಕಾರಿನ ಪುಸ್ತಕದ ‘ಕಠಿಣ ಬಳಕೆ’ ಪಟ್ಟಿಯಂತೆ ನಡೆಯಿರಿ. ಪುಸ್ತಕ ಏನೂ ಹೇಳದಿದ್ದರೆ ನಮ್ಮ ಬಿಸಿಲಿಗೆ 60,000 ಕಿಲೋಮೀಟರ್ ಒಳ್ಳೆಯ ಗಡಿ ಎಂಬುದು ನನ್ನ ಅಭಿಪ್ರಾಯ.

ಹಳೆಯ ಆಯಿಲ್ ಚೆಲ್ಲುವ ಮೊದಲು ಒಂದಿಷ್ಟನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ಕಂದಿದ ಕೆಂಪು, ತಿಳಿಗಂದು ಇದ್ದರೆ ಸಮಯಕ್ಕೆ ಬದಲಿಸಿದ್ದೀರಿ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ತಡವಾಗಿದೆ, ಗೇರಿನ ನಡೆ ಗಮನಿಸುತ್ತಿರಿ. ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ನೀರು ಸೇರಿದೆ. ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ ಬೆರೆತಿರಬಹುದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದಾಗಿನಂಥ ದಿನಗಳಲ್ಲಿ ಗಾಡಿ ನೀರಿನಲ್ಲಿ ನಿಂತಿದ್ದರೆ ಗೇರ್‌ಬಾಕ್ಸಿನ ಗಾಳಿಕಂಡಿಯಿಂದಲೂ ನೀರು ಹೋಗಿರಬಹುದು. ಅಂಥ ಗಾಡಿಯನ್ನು ಓಡಿಸಲೇಬೇಡಿ.

ಹೊರತೆಗೆದ ಆಯಿಲ್ ಎಲ್ಲಿ ಹೋಗಬೇಕು? ಈ ವಿಷಯದಲ್ಲಿ ನಿಮ್ಮಲ್ಲಿ ಕೈಜೋಡಿಸಿ ಕೇಳುತ್ತೇನೆ. ನಮ್ಮಲ್ಲಿ ಹಳೆಯ ಆಯಿಲ್ ಚರಂಡಿಗೆ ಬೀಳುತ್ತದೆ, ಗೆದ್ದಲು ಹತ್ತದಿರಲೆಂದು ಬೇಲಿ ಗೂಟಕ್ಕೂ ತೊಲೆಗೂ ಬಳಿಯುತ್ತಾರೆ, ಧೂಳು ಏಳದಿರಲೆಂದು ಅಂಗಳಕ್ಕೆ ಚೆಲ್ಲುವವರೂ ಇದ್ದಾರೆ. ಅದರಲ್ಲಿ ಲೋಹದ ಪುಡಿಯಿದೆ, ಸುಟ್ಟ ರಾಸಾಯನಿಕಗಳಿವೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಬಾಳೆ ಈ ಮಣ್ಣಿನ, ಈ ನೀರಿನ ಫಲ ಎಂದು ಸರ್ಕಾರವೇ ಒಪ್ಪಿ ಕೊಟ್ಟ ಮಾನ ಅದು. ಕುರಿಕೋಟಾ ಸೇತುವೆ ಕೆಳಗೆ ಹರಿಯುವ ಬೆಣ್ಣೆತೊರೆ ಕಾಗಿಣಾಕ್ಕೆ ಸೇರುತ್ತದೆ, ಕಾಗಿಣಾ ಭೀಮೆಗೆ. ಒಬ್ಬರ ಅಂಗಳದಿಂದ ಚರಂಡಿಗೆ ಬಿದ್ದದ್ದು ಇನ್ನೊಬ್ಬರ ಬಾವಿಯ, ತೋಟದ ನೀರಿಗೆ ಬರುತ್ತದೆ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಬಳಸಿದ ಆಯಿಲನ್ನು ಮರುಬಳಕೆಗೆ ತರುವ ಹೊಣೆಯಲ್ಲಿ ಆಯಿಲ್ ತಯಾರಕರಿಗೂ ಪಾಲು ಬಂದಿದೆ. ಹಳೆಯ ಆಯಿಲನ್ನು ಹೊಸ ಆಯಿಲ್ ಬಂದ ಡಬ್ಬಿಗಳಲ್ಲೇ ತುಂಬಿ, ಬಿಗಿಯಾಗಿ ಮುಚ್ಚಿ, ನೋಂದಾಯಿತ ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ. ನೀರು, ಪೆಟ್ರೋಲ್, ಕೂಲಂಟ್ ಬೆರೆಸಬೇಡಿ. ಬೆರೆಸಿದರೆ ಅದನ್ನು ಶುದ್ಧ ಮಾಡುವುದು ಕಷ್ಟ. ಖಾಲಿ ಉಳಿದ ಡಬ್ಬಿಗಳನ್ನು ಕತ್ತರಿಸಿ ಹಾಕಿ; ಇಡಿಯಾಗಿ ಗುಜರಿಗೆ ಹೋದ ಒಳ್ಳೆಯ ಕಂಪನಿಯ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬರಬಹುದು.

ಕಪನೂರ, ಹುಮನಾಬಾದ್ ರಸ್ತೆ, ಸ್ಟೇಷನ್ ಸುತ್ತಲಿನ ಗ್ಯಾರೇಜುಗಳ ಮಿಸ್ತ್ರಿಗಳೇ, ನೀವೂ ಇದನ್ನು ಓದುತ್ತಿದ್ದರೆ ಒಂದು ಮಾತು. ಮನೆಯಲ್ಲಿ ಕೆಲಸ ಮಾಡಿಕೊಳ್ಳಿ ಎಂದು ಹೇಳುವುದು ನಿಮ್ಮ ಅನ್ನಕ್ಕೆ ಕಲ್ಲು ಹಾಕಲು ಅಲ್ಲ. ಹತ್ತು ಜನರಲ್ಲಿ ಒಬ್ಬರು ಮನೆಯಲ್ಲಿ ಮಾಡಿಯಾರು, ಉಳಿದವರು ನಿಮ್ಮ ಬಳಿಗೇ ಬರುತ್ತಾರೆ. ಬಂದವರಿಗೆ ಉಷ್ಣತೆ ನೋಡಿ ಮಟ್ಟ ಇಡಿ, ಹೇಳಿದ ಆಯಿಲನ್ನೇ ಹಾಕಿ, ಹಳೆಯ ಫಿಲ್ಟರ್ ಕೈಯಲ್ಲಿ ಕೊಟ್ಟು ತೋರಿಸಿ. ಒಮ್ಮೆ ನಂಬಿಕೆ ಬಂದರೆ ಕಲಬುರಗಿಯವರು ಆ ಗ್ಯಾರೇಜನ್ನು ಬಿಟ್ಟುಹೋಗುವುದಿಲ್ಲ.

ಮಾಲೀಕರೇ, ಇಷ್ಟೆಲ್ಲ ಓದಿದ ಮೇಲೆ ಈ ಕೆಲಸ ನಮ್ಮಿಂದಾಗದು ಅನ್ನಿಸಿದರೆ ಅದೂ ಸರಿಯೇ. ಕಾರಿನ ಕೆಳಗೆ ಹೋಗಿ ರೂಢಿಯಿಲ್ಲದವರು ಮಿಸ್ತ್ರಿಯ ಎದುರು ನಿಂತು ಮಾಡಿಸಿ. ಯಾವ ಗೇರ್‌ಬಾಕ್ಸ್, ಯಾವ ಆಯಿಲ್, ಎಷ್ಟು ಉಷ್ಣತೆಯಲ್ಲಿ ಮಟ್ಟ ಎಂಬ ಮೂರು ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ನಿಮಗಿದ್ದರೆ ನಿಮ್ಮ ಗೇರ್‌ಬಾಕ್ಸ್ ಅರ್ಧ ಬದುಕಿತು. ಕೈ ಪಳಗಿದವರು ಜಾಗ, ಸ್ಟ್ಯಾಂಡ್, ಸರ್ವಿಸ್ ಮ್ಯಾನ್ಯುಯಲ್ ಮೂರೂ ಹೊಂದಿಸಿಕೊಂಡು ಚಳಿಗಾಲದ ಒಂದು ಬೆಳಿಗ್ಗೆ ಅಂಗಳದಲ್ಲೇ ಮಾಡಿ. ಇಂದೇ ಕಾರಿನ ಸರ್ವಿಸ್ ಪುಸ್ತಕ ತೆಗೆದು, ಗೇರ್‌ಬಾಕ್ಸ್ ಆಯಿಲ್ ಕೊನೆಯದಾಗಿ ಯಾವಾಗ ಬದಲಾಯಿತು ಎಂದು ನೋಡಿ. ಎಲ್ಲೂ ಬರೆದಿಲ್ಲವಾದರೆ ಎಂದೂ ಬದಲಾಗಿಲ್ಲ ಎಂದೇ ತಿಳಿದು, ಮುಂದಿನ ಬೇಸಿಗೆ ಬರುವುದರೊಳಗೆ ಬದಲಿಸಿಬಿಡಿ.

ಇಂತು ನಿಮ್ಮವ,
ಕಲಬುರಗಿಯ ಒಬ್ಬ ಕಾರು ಮಾಲೀಕ